ಮುಂಬಯಿ ಕನ್ನಡಕ್ಕೆ ಕೊಟ್ಟ ನಟ: ಶಂಕರ್ ನಾಗ್

ನವೆಂಬರ್ ತಿಂಗಳು ಬಂದಿತೆಂದರೆ ಹೊರನಾಡಿನ ಕನ್ನಡ ಸಂಘಗಳಿಗೆ ಒಂದು ಕಳೆ ಬರುತ್ತದೆ. ಭುವನೇಶ್ವರಿಯ ಪಟಕ್ಕೆ ಹಾರ ಹಾಕುತ್ತೇವೆ, ಏಕೀಕರಣಕ್ಕಾಗಿ ದುಡಿದ ಆಲೂರು ವೆಂಕಟರಾಯರೇ ಮೊದಲಾದ ಹಿರಿಯರನ್ನು ನೆನೆಯುತ್ತೇವೆ, ಕವಿಗಳನ್ನು ಕೊಂಡಾಡುತ್ತೇವೆ. ಇವೆಲ್ಲ ಆಗತಕ್ಕವೇ. ಇಂತಹ ಸಂಚಿಕೆಯಲ್ಲಿ ಚಿತ್ರನಟನೊಬ್ಬನ ಚರಿತ್ರೆಗೆ ಏನು ಸ್ಥಳ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಅವರ ಸಮಾಧಾನಕ್ಕಾಗಿ ಮೊದಲೇ ಒಂದು ಮಾತು ಅರಿಕೆ ಮಾಡಿಕೊಳ್ಳುತ್ತೇವೆ. ಶಂಕರ್ ನಾಗ್ ಅವರ ಬಾಳನ್ನು ನಾವು ಇಲ್ಲಿ ಬರೆಯಹೊರಟಿರುವುದು ಅವರು ಪ್ರಸಿದ್ಧ ನಟರಾಗಿದ್ದರೆಂಬ ಒಂದೇ ಕಾರಣಕ್ಕಲ್ಲ. ಈ ನಗರದಲ್ಲಿ ನೆಲೆಸಿರುವ ನಮ್ಮ ನಿಮ್ಮಂತಹ ಸಂಸಾರಗಳು ದಿನವೂ ಎದುರಿಸುವ ಒಂದು ಪ್ರಶ್ನೆಗೆ ಅವರ ಬಾಳಿನಲ್ಲಿ ಉತ್ತರ ದೊರೆಯುತ್ತದೆಂಬುದೇ ನಮ್ಮ ಮುಖ್ಯ ಕಾರಣ.

ಆ ಪ್ರಶ್ನೆ ಯಾವುದು? ನಮ್ಮ ಸಂಘದ ಸದಸ್ಯರ ಮನೆಗಳನ್ನು ಒಂದು ಸುತ್ತು ಹಾಕಿ ಬನ್ನಿ. ಒಂದು ಮನೆಯಲ್ಲಿ ತುಳು, ಇನ್ನೊಂದರಲ್ಲಿ ಕೊಂಕಣಿ, ಮಗುದೊಂದರಲ್ಲಿ ಹವ್ಯಕರ ನುಡಿ. ಮೆಟ್ಟಿಲಿಳಿದರೆ ಮರಾಠಿ, ರೈಲು ಹತ್ತಿದರೆ ಹಿಂದಿ, ಶಾಲೆಗೆ ಹೋದರೆ ಇಂಗ್ಲಿಷು. ಮನೆಯಲ್ಲಿ ಕನ್ನಡವನ್ನೇ ಆಡುವವರ ಮಕ್ಕಳೂ ಮೂರನೆಯ ವಾಕ್ಯಕ್ಕೆ ಬೇರೆ ಭಾಷೆಗೆ ಹಾರುತ್ತಾರೆ. ಹೀಗಿರುವಾಗ ನಾವು ಎಷ್ಟರಮಟ್ಟಿಗೆ ಕನ್ನಡಿಗರು, ನಮ್ಮ ಮಕ್ಕಳು ಎಷ್ಟರಮಟ್ಟಿಗೆ ಕನ್ನಡಿಗರಾಗಿ ಉಳಿದಾರು ಎಂಬ ಚಿಂತೆ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಮನೆಮಾತು ಬೇರೆಯಾದವರನ್ನು ಅರ್ಧ ಕನ್ನಡಿಗರೆಂದು ಎಣಿಸುವ ನಾಲಗೆಗಳೂ ಇಲ್ಲದಿಲ್ಲ. ಇಂತಹ ಮಾತನ್ನು ಕೇಳಿದಾಗಲೆಲ್ಲ ನಮಗೆ ಶಂಕರರ ನೆನಪಾಗುತ್ತದೆ.

ಶಂಕರ್ ನಾಗ್ ಅವರು ಹುಟ್ಟಿದ್ದು 1954ನೆಯ ಇಸವಿ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆ. ಮನೆತನದ ಹೆಸರು ನಾಗರಕಟ್ಟೆ. ಅದರ ಮೊದಲ ಎರಡಕ್ಷರವೇ ಮುಂದೆ ಅಣ್ಣತಮ್ಮಂದಿರಿಬ್ಬರ ಹೆಸರಿಗೂ ಅಂಟಿಕೊಂಡಿತು. ತಂದೆ ಸದಾನಂದರು, ತಾಯಿ ಆನಂದಿಯವರು. ಮನೆಯಲ್ಲಿ ಆಡುತ್ತಿದ್ದ ಮಾತು ಕೊಂಕಣಿ. ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. 1954ರಲ್ಲಿ ಹೊನ್ನಾವರವು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳಂತೆ ಉತ್ತರ ಕನ್ನಡವೂ ತನ್ನ ಅಹವಾಲುಗಳನ್ನು ಹೊತ್ತು ಮುಂಬಯಿಯ ಬಾಗಿಲಿಗೇ ಬರಬೇಕಾಗಿತ್ತು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವಾದಾಗ ಶಂಕರರಿಗೆ ಎರಡು ವರ್ಷ ತುಂಬುವುದಕ್ಕೆ ಇನ್ನೂ ಎಂಟು ದಿನ ಬಾಕಿಯಿತ್ತು. ಮುಂಬಯಿ ರಾಜ್ಯದಲ್ಲಿ ಕಣ್ಣು ತೆರೆದ ಮಗು ಇದ್ದಲ್ಲಿಯೇ ಇದ್ದು ಮೈಸೂರು ರಾಜ್ಯದ ಮಗುವಾಯಿತು. ಗಡಿರೇಖೆಗಳು ಮನುಷ್ಯನಿಗಿಂತ ಬೇಗ ಊರು ಬದಲಾಯಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಓದು ಮುಗಿಸಿದ ಶಂಕರರು ಕರಾವಳಿಯ ಅಸಂಖ್ಯ ತರುಣರಂತೆ ಮುಂಬಯಿಗೆ ಬಂದರು. ಅಣ್ಣ ಅನಂತನಾಗ್ ಅವರು ಆ ವೇಳೆಗಾಗಲೇ ಇಲ್ಲಿನ ಕೊಂಕಣಿ, ಕನ್ನಡ, ಮರಾಠಿ ರಂಗಭೂಮಿಗಳಲ್ಲಿ ಪಳಗಿ, 1973ರ ‘ಸಂಕಲ್ಪ’ದಿಂದ ಕನ್ನಡ ಚಿತ್ರರಂಗಕ್ಕೂ, 1974ರ ‘ಅಂಕುರ್’ ಚಿತ್ರದಿಂದ ಹಿಂದಿಗೂ ಕಾಲಿಟ್ಟಿದ್ದರು. ತಮ್ಮನನ್ನು ಸೆಳೆದದ್ದು ಮರಾಠಿ ರಂಗಭೂಮಿ. ಎಪ್ಪತ್ತರ ದಶಕದ ಮುಂಬಯಿಯಲ್ಲಿ ಮರಾಠಿ ನಾಟಕವೆಂದರೆ ಮಧ್ಯಮವರ್ಗದ ಮನೆಗಳ ನಿತ್ಯದ ಹಸಿವು. ಕಚೇರಿಯಲ್ಲಿ ದಿನವಿಡೀ ದುಡಿದ ಗುಮಾಸ್ತನು ಸಂಜೆ ಬಣ್ಣ ಹಚ್ಚಿಕೊಂಡು ವೇದಿಕೆಗೆ ಬರುತ್ತಿದ್ದ ಕಾಲವದು. ವೇಳೆಗೆ ಸರಿಯಾಗಿ ತಾಲೀಮು, ಟಿಕೆಟು ಕೊಂಡು ಬರುವ ಪ್ರೇಕ್ಷಕರು, ಪಾತ್ರದ ದೊಡ್ಡಸ್ತಿಕೆಗಿಂತ ನಾಟಕದ ದೊಡ್ಡಸ್ತಿಕೆಯನ್ನು ನೋಡುವ ನಟವರ್ಗ, ಇವು ಆ ರಂಗಭೂಮಿಯ ಲಕ್ಷಣಗಳು. ಶಂಕರರು ಪಾಠ ಕಲಿತದ್ದು ಆ ಗರಡಿಯಲ್ಲಿ. ತಮ್ಮ ಸಹಧರ್ಮಿಣಿಯಾಗಲಿದ್ದ ಅರುಂಧತಿಯವರ ಪರಿಚಯವಾದದ್ದೂ ಅಲ್ಲಿಯೇ. ಅರುಂಧತಿಯವರು ದಿಲ್ಲಿಯಲ್ಲಿ ಹುಟ್ಟಿ ಮುಂಬಯಿಯ ರಂಗಭೂಮಿಯಲ್ಲಿ ಬೆಳೆದವರು. ಮುಂದೆ ಕನ್ನಡವನ್ನು ಕಲಿತು ಕನ್ನಡ ರಂಗಭೂಮಿಯ ಅಗ್ರಗಣ್ಯ ಕಲಾವಿದೆಯಾದವರು.

ಶಂಕರರ ಕೈ ನಟನೆಯೊಂದಕ್ಕೇ ಸೀಮಿತವಾಗಿರಲಿಲ್ಲ. ಪುಣೆಯ ಚಾಪೇಕರ್ ಸಹೋದರರು ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದ ಪ್ರಸಂಗವನ್ನು ಕುರಿತ ‘22 ಜೂನ್ 1897’ ಎಂಬ ಮರಾಠಿ ಚಿತ್ರವು 1979ರಲ್ಲಿ ಬಂದಿತು. ಅದರ ಚಿತ್ರಕಥೆಯಲ್ಲಿ ಅವರ ಪಾಲೂ ಇತ್ತು. ಕೊಂಕಣಿ ಮನೆಯ ಹುಡುಗನೊಬ್ಬ ಮರಾಠಿ ಚಿತ್ರಕ್ಕೆ ಕಥೆ ಹೆಣೆಯಲು ಕೂಡುವುದು ಈ ಪ್ರಾಂತ್ಯದಲ್ಲಿ ಅಸಹಜವೇನೂ ಅಲ್ಲ. ಆತನು ಅಲ್ಲಿಯೇ ಉಳಿದುಬಿಟ್ಟಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆದರೆ ಅಷ್ಟರಲ್ಲಿ ಕನ್ನಡವು ಅವರನ್ನು ಕರೆದಿತ್ತು. ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಎಂಬ ಚಿತ್ರವನ್ನು ನಿರ್ದೇಶಿಸುತ್ತಿದ್ದರು. ಹೊಯ್ಸಳರ ಕಾಲದ ಸಣ್ಣಪುಟ್ಟ ಪಾಳೆಯಗಾರರ ಕಲಹ, ಕೂಲಿಗಾಗಿ ಕತ್ತಿ ಹಿಡಿಯುವ ವೀರರ ಕಥೆ. ಜಪಾನಿನ ಪ್ರಸಿದ್ಧ ನಿರ್ದೇಶಕ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆ ಅದರ ಹಿಂದೆ ಇತ್ತು. ಅದರ ನಾಯಕ ಗಂಡುಗಲಿಯ ಪಾತ್ರಕ್ಕೆ ಕಾರ್ನಾಡರು ಶಂಕರರನ್ನು ಆರಿಸಿದರು. ಅನುಭವಿ ನಟ ಸುಂದರಕೃಷ್ಣ ಅರಸರು ಪೆರ್ಮಾಡಿಯಾಗಿ ಎದುರು ನಿಂತರು. 1978ರಲ್ಲಿ ಹೊರಬಂದ ಈ ಚಿತ್ರದ ಅಭಿನಯಕ್ಕಾಗಿ, ಮರುವರ್ಷ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರರಿಗೆ ಶ್ರೇಷ್ಠ ನಟನೆಂಬ ಮನ್ನಣೆ ದೊರೆಯಿತು. ಮೊದಲ ಕನ್ನಡ ಚಿತ್ರ. ವಯಸ್ಸು ಇನ್ನೂ ಇಪ್ಪತ್ತೈದು ಆಗಿರಲಿಲ್ಲ. ಕರೆದ ಕಾರ್ನಾಡರಾದರೂ ಯಾರು? ಮುಂಬಯಿಗೆ ಸಮೀಪದ ಮಾಥೇರಾನಿನಲ್ಲಿ ಹುಟ್ಟಿದ ಕೊಂಕಣಿ ಮನೆಮಾತಿನವರು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು ಎಂಬುದನ್ನೂ ಇದಕ್ಕೆ ಕೂಡಿಸಿಕೊಂಡು ನೋಡಿದರೆ, ಅರ್ಧ ಕನ್ನಡಿಗರ ಲೆಕ್ಕ ಹಾಕುವವರು ತಮ್ಮ ಪುಸ್ತಕವನ್ನು ಮತ್ತೊಮ್ಮೆ ತಾಳೆ ನೋಡುವುದು ಒಳ್ಳೆಯದು.

ಬೆಂಗಳೂರಿಗೆ ಬಂದು ನೆಲೆಸಿದ ಶಂಕರರು ಚಿತ್ರರಂಗದಲ್ಲಿ ಸ್ಥಾನ ದೊರೆಯಿತೆಂದು ನಾಟಕವನ್ನು ಕೈಬಿಡಲಿಲ್ಲ. ಅರುಂಧತಿಯವರೊಡನೆ ‘ಸಂಕೇತ್’ ಎಂಬ ತಂಡವನ್ನು ಕಟ್ಟಿದರು. ಕಾರ್ನಾಡರ ‘ಅಂಜುಮಲ್ಲಿಗೆ’ಯನ್ನು ಆಡಿದರು. ಜಯವಂತ ದಳವಿಯವರ ಮರಾಠಿ ನಾಟಕಗಳಾದ ‘ಬ್ಯಾರಿಸ್ಟರ್’ ಮತ್ತು ‘ಸಂಧ್ಯಾಛಾಯಾ’ ಈ ತಂಡದ ಮೂಲಕ ಕನ್ನಡದ ವೇದಿಕೆಗೆ ಬಂದವು. ‘ಸಂಧ್ಯಾಛಾಯಾ’ ನಾಟಕದ ವಸ್ತುವು ನಮ್ಮ ವಾಚಕರಲ್ಲಿ ಅನೇಕರಿಗೆ ತೀರ ಹತ್ತಿರದ್ದು. ದೂರಕ್ಕೆ ಹೋದ ಮಕ್ಕಳ ದಾರಿ ಕಾಯುತ್ತ ಮುಪ್ಪನ್ನು ಕಳೆಯುವ ಗಂಡಹೆಂಡಿರ ಕಥೆ ಅದು. ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ಬಂದ ನಮಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಡೆಯ ವರ್ಷಗಳಲ್ಲಿ ಕಾರ್ನಾಡರ ‘ನಾಗಮಂಡಲ’ವನ್ನೂ ಶಂಕರರು ರಂಗಕ್ಕೆ ತಂದರು. ಮುಂಬಯಿಯಲ್ಲಿ ಕಲಿತ ವಿದ್ಯೆಯನ್ನು ಅವರು ಕನ್ನಡದ ಖಾತೆಗೆ ಜಮಾ ಮಾಡಿದ ಬಗೆ ಹೀಗೆ.

ಚಿತ್ರನಿರ್ದೇಶನಕ್ಕೂ ಅವರು ತಡಮಾಡದೆ ಕೈಹಾಕಿದರು. 1980ರ ‘ಮಿಂಚಿನ ಓಟ’ ಕಾರುಗಳ್ಳರ ಕಥೆ. ಅನಂತನಾಗ್, ಶಂಕರ್, ಲೋಕೇಶ್ ಮೂವರೂ ಅದರಲ್ಲಿ ನಟಿಸಿದರು. ಹೊಡೆದಾಟದ ಚಿತ್ರವೆಂದು ಕುಳಿತವರು ಮನುಷ್ಯರ ಚಿತ್ರವನ್ನು ನೋಡಿ ಎದ್ದರು. ರಾಜ್ಯಸರಕಾರದ ಆ ವರ್ಷದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿ ಅದಕ್ಕೆ ಬಂದಿತು. 1981ರ ‘ಗೀತಾ’ ಇಳಯರಾಜಾ ಅವರ ಸಂಗೀತದಿಂದ ಮನೆಮಾತಾಯಿತು. ‘ಆ್ಯಕ್ಸಿಡೆಂಟ್’ ಚಿತ್ರದಲ್ಲಿ, ಕುಡಿದು ಕಾರು ಓಡಿಸಿದ ರಾಜಕಾರಣಿಯ ಮಗನು ಪಾದಚಾರಿ ಹಾದಿಯಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಪ್ರಕರಣವನ್ನು ಮುಚ್ಚಿಹಾಕುವ ಪ್ರಭಾವಶಾಲಿ ತಂದೆಯಾಗಿ ಅಣ್ಣ, ಅದನ್ನು ಬಯಲಿಗೆಳೆಯಲು ಹೆಣಗುವ ಪತ್ರಕರ್ತನಾಗಿ ತಮ್ಮ. 1984ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಯನ್ನು ಕುರಿತ ಶ್ರೇಷ್ಠ ಚಿತ್ರವೆಂದು ಅದು ಗೌರವ ಪಡೆಯಿತು. ನಗರದ ಬೀದಿಗಳಲ್ಲಿ ಇಂತಹ ಸಂಗತಿಗಳು ಇಂದಿಗೂ ನಡೆಯುತ್ತಿರುವುದರಿಂದ ಆ ಚಿತ್ರಕ್ಕೆ ವಯಸ್ಸಾಗಿಲ್ಲ. 1987ರ ‘ಒಂದು ಮುತ್ತಿನ ಕಥೆ’ಯಲ್ಲಿ ಅಮೆರಿಕೆಯ ಸ್ಟೈನ್‌ಬೆಕ್ಕರ ಕಿರುಕಾದಂಬರಿಯನ್ನು ನಮ್ಮ ಕಡಲ ತೀರಕ್ಕೆ ತಂದು, ಡಾ. ರಾಜಕುಮಾರರನ್ನು ನಾಯಕರನ್ನಾಗಿಸಿ, ನೀರಿನೊಳಗೆ ಕ್ಯಾಮರಾ ಇಳಿಸಿದರು.

ಇದು ಹೊಗಳಿಕೆಯ ಭಾಗವಾಯಿತು. ಇನ್ನೊಂದು ಬದಿಯನ್ನೂ ತೋರಿಸದಿದ್ದರೆ ಲೆಕ್ಕ ಸರಿಹೋಗುವುದಿಲ್ಲ. ಶಂಕರರು ನಟಿಸಿದ ಚಿತ್ರಗಳು ಎಂಬತ್ತಕ್ಕೂ ಹೆಚ್ಚು. ಅವುಗಳಲ್ಲಿ ಗಣನೀಯ ಭಾಗವು ಹೊಡೆದಾಟ, ಸೇಡು, ಒಂದೆರಡು ಹಾಡು, ಕಡೆಗೆ ಪೊಲೀಸು ಎಂಬ ಅಚ್ಚಿನಲ್ಲಿ ಎರಕ ಹೊಯ್ದವು. ಗಂಡುಗಲಿಯ ಪಾತ್ರಕ್ಕೆ ಪ್ರಶಸ್ತಿ ಪಡೆದ ನಟನಿಗೆ ಜನ ‘ಕರಾಟೆ ಕಿಂಗ್’ ಎಂಬ ಬಿರುದನ್ನು ಕೊಟ್ಟರು. ಕಲಾರಸಿಕರು ಇದನ್ನು ಕಂಡು ಮೂಗು ಮುರಿದದ್ದುಂಟು. ಆದರೆ ಅದೇ ಬಗೆಯ ಚಿತ್ರಗಳ ನಡುವೆಯೇ 1980ರ ‘ಆಟೋ ರಾಜ’ ಬಂದಿತೆಂಬುದನ್ನು ಮರೆಯಲಾಗದು. ಬಾಡಿಗೆ ಗಾಡಿ ಓಡಿಸಿ ಹೊಟ್ಟೆ ಹೊರೆಯುವವನೊಬ್ಬ ಮರ್ಯಾದಸ್ಥನಾಗಿ, ಪ್ರಾಮಾಣಿಕನಾಗಿ, ನಾಯಕನಾಗಿ ತೆರೆಯ ಮೇಲೆ ನಿಂತುದನ್ನು ಬೆಂಗಳೂರಿನ ರಿಕ್ಷಾ ಚಾಲಕರು ಕಂಡರು. ಅವರು ಅದನ್ನು ಮರೆಯಲಿಲ್ಲ. ಶಂಕರರು ಕಾಲವಾಗಿ ಮೂರು ದಶಕಗಳು ಕಳೆದ ಮೇಲೂ ಅವರ ಗಡ್ಡದ ಮುಖ ಆಟೋರಿಕ್ಷಾಗಳ ಬೆನ್ನ ಮೇಲೆ ಓಡಾಡುತ್ತಿದೆ. ಅವರ ಹೆಸರಿನ ರಿಕ್ಷಾ ನಿಲ್ದಾಣಗಳು ರಾಜ್ಯದಲ್ಲಿ ಅನೇಕವಿವೆ. ಯಾವ ಅಕಾಡೆಮಿಯ ಪ್ರಶಸ್ತಿಯೂ ಇಷ್ಟು ದಿನ ಬಿಸಿಲು ಮಳೆಗೆ ಮೈಯೊಡ್ಡಿ ನಿಲ್ಲಲಾರದು. 1988ರ ‘ಸಾಂಗ್ಲಿಯಾನ’ ಕೂಡ ಜನ ಮುಗಿಬಿದ್ದು ನೋಡಿದ ಚಿತ್ರ. ಸುನಿಲ್‌ಕುಮಾರ್ ದೇಸಾಯಿಯವರು ತಮ್ಮ ‘ತರ್ಕ’ವನ್ನು 1989ರಲ್ಲಿ ತೆರೆಗೆ ತಂದಾಗ, ಹಾಡಿಲ್ಲದ ಆ ಪತ್ತೇದಾರಿ ಚಿತ್ರದ ಭಾರವನ್ನು ಹೊತ್ತವರೂ ಶಂಕರರೇ.

ನಾವು ಬ್ಯಾಂಕಿನ ಗುಮಾಸ್ತರು. ಕಲೆಯ ವಿಮರ್ಶೆ ನಮ್ಮ ವೃತ್ತಿಯಲ್ಲ, ಕೂಡಿ ಕಳೆಯುವುದಷ್ಟೇ ನಮ್ಮದು. 1978ರಿಂದ 1990ರವರೆಗೆ ಹನ್ನೆರಡು ವರ್ಷ. ಎಂಬತ್ತು ಚಿತ್ರಗಳೆಂದರೂ ವರ್ಷಕ್ಕೆ ಆರೇಳು. ಅದರ ಮೇಲೆ ನಿರ್ದೇಶನ, ಅದರ ಮೇಲೆ ನಾಟಕ, ಅದರ ಮೇಲೆ ದೂರದರ್ಶನದ ಸರಣಿ. ಕನ್ನಡ ಚಿತ್ರಗಳು ಹಾಡಿನ ಮುದ್ರಣಕ್ಕೂ ಇತರ ಕೆಲಸಕ್ಕೂ ಮದರಾಸಿನ ದಾರಿ ಹಿಡಿಯುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೋ ಒಂದನ್ನು ಅವರು ಕಟ್ಟಿದರು. ಇಷ್ಟೊಂದು ಖರ್ಚಿನ ಬಾಬುಗಳಿಗೆ ಜಮೆ ಎಲ್ಲಿಂದ ಬರಬೇಕು? ಹೊಡೆದಾಟದ ಚಿತ್ರಗಳನ್ನು ನೋಡಿ ಮೂಗು ಮುರಿಯುವವರು ಈ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಬೇಕು. ಹಗಲೆಲ್ಲ ಹೊಟ್ಟೆಪಾಡಿಗೆ ದುಡಿದು ಸಂಜೆ ಸಂಘದ ನಾಟಕಕ್ಕೆ ತಾಲೀಮು ಮಾಡುವ ನಮ್ಮ ಬಂಧುಗಳಿಗಾದರೂ ಇದು ಅರ್ಥವಾದೀತು.

ಇನ್ನು ಶಂಕರರ ಹೆಸರನ್ನು ಭಾರತದ ಮೂಲೆಮೂಲೆಗೆ ಒಯ್ದ ಕೃತಿಯ ವಿಚಾರ. 1986ರಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಸರಣಿ ಆರಂಭವಾಯಿತು. ಮದರಾಸಿನಲ್ಲಿ ಹುಟ್ಟಿ ಮೈಸೂರನ್ನು ಮನೆ ಮಾಡಿಕೊಂಡಿದ್ದ ಆರ್.ಕೆ. ನಾರಾಯಣರು 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಿಂದ ಮೊದಲುಗೊಂಡು ಇಂಗ್ಲಿಷಿನಲ್ಲಿ ಕಟ್ಟಿದ ಕಲ್ಪನೆಯ ಊರು ಮಾಲ್ಗುಡಿ. ಯಾವ ನಕ್ಷೆಯಲ್ಲಿಯೂ ಇಲ್ಲದ ಆ ಊರನ್ನು ನೆಲದ ಮೇಲೆ ತೋರಿಸಬೇಕಾಗಿತ್ತು. ನಿರ್ಮಾಪಕರು ಟಿ.ಎಸ್. ನರಸಿಂಹನ್, ನಿರ್ದೇಶನ ಶಂಕರರದು. ಅವರು ಹುಡುಕಿಕೊಂಡು ಹೋದದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಗೆ. ಮಳೆಗೆ ಹೆಸರಾದ ಆ ಘಟ್ಟದ ತಲೆಯ ಊರಿನ ಬೀದಿ, ಹೆಂಚಿನ ಮನೆಗಳು, ಕಂಬಗಳ ಹಜಾರವುಳ್ಳ ‘ದೊಡ್ಡಮನೆ’, ಇವು ಸ್ವಾಮಿಯ ಮನೆಯೂ ಊರೂ ಆದವು. ಅದೇ ಜಿಲ್ಲೆಯ ಅರಸಾಳು ಎಂಬ ಸಣ್ಣ ರೈಲು ನಿಲ್ದಾಣವು ಮಾಲ್ಗುಡಿಯ ನಿಲ್ದಾಣವಾಯಿತು. ಅಲ್ಲಿನ ಹಳೆಯ ಕಟ್ಟಡವನ್ನು ರೈಲ್ವೆಯವರು ಈಚೆಗೆ ಮಾಲ್ಗುಡಿಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ.

ಆ ಸರಣಿಯನ್ನು ಯಾರು ಯಾರು ಕೂಡಿ ಕಟ್ಟಿದರೆಂಬುದನ್ನು ನೋಡಿರಿ. ಛಾಯಾಗ್ರಹಣ ಎಸ್. ರಾಮಚಂದ್ರರದು, ಕಲಾನಿರ್ದೇಶನ ಜಾನ್ ದೇವರಾಜರದು, ಮರೆಯಲಾಗದ ಆ ಆರಂಭದ ರಾಗ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ನಾರಾಯಣರ ಸೋದರ, ನಮ್ಮ ಮುಂಬಯಿಯ ಪತ್ರಿಕೆಯ ಮೂಲಕ ದೇಶಕ್ಕೆಲ್ಲ ಪರಿಚಿತರಾಗಿದ್ದ ಆರ್.ಕೆ. ಲಕ್ಷ್ಮಣರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಸಿಹಿತಿಂಡಿಯ ವ್ಯಾಪಾರಿ ಜಗನ್ ಆಗಿ ಅನಂತನಾಗ್. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟು ಕಚೇರಿಯ ಕೆಲಸದಲ್ಲಿ ಸಿಕ್ಕಿಕೊಂಡು ಮಾತು ತಪ್ಪುವ ಗುಮಾಸ್ತನ ಕಥೆಯೊಂದು ಅದರಲ್ಲಿದೆ. ಆ ಪಾತ್ರವನ್ನು ವಹಿಸಿದವರು ವಿಷ್ಣುವರ್ಧನ್. ನಾಯಕನಟರೆಂದು ಪ್ರಸಿದ್ಧರಾಗಿದ್ದವರು ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತರಾಗಿ ಕುಗ್ಗಿ ಕುಳಿತ ಆ ಭಾಗವನ್ನು ನಮ್ಮ ವೃತ್ತಿಬಾಂಧವರಲ್ಲಿ ಯಾರೂ ಕಣ್ಣು ಒದ್ದೆಯಾಗದೆ ನೋಡಲಾರರೆಂದು ನಮ್ಮ ನಂಬಿಕೆ.

ಈ ಸರಣಿಯ ಮಾತು ಹಿಂದಿ. ಮೊದಲ ಕೆಲವು ಕಂತುಗಳು ಇಂಗ್ಲಿಷಿನಲ್ಲಿಯೂ ತಯಾರಾದವು. ಹಾಗಾದರೆ ಇದು ಕನ್ನಡಕ್ಕೆ ಸಂದದ್ದು ಹೇಗೆ ಎಂದು ಕೇಳುವವರುಂಟು. ಆಗುಂಬೆಯನ್ನು ದಿಲ್ಲಿಗೆ ಮಾರಿದಂತಾಯಿತಲ್ಲವೆ ಎಂಬ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಅಭಿಪ್ರಾಯ ಇಷ್ಟು: ಆ ಹಿಂದಿಯ ಒಳಗೆ ಕನ್ನಡದ ಮನೆಯೊಂದು ಇದ್ದಿತು. ಜಗಲಿಯ ಮೇಲೆ ಕೂಡುವ ರೀತಿ, ಅಜ್ಜಿಯ ಸೆರಗು ಹಿಡಿಯುವ ಮೊಮ್ಮಗ, ತಂದೆಯ ಕೆಮ್ಮು ಕೇಳಿದೊಡನೆ ಪುಸ್ತಕ ತೆರೆಯುವ ಹುಡುಗ, ಇವನ್ನು ಕನ್ನಡದ ನಟರು ತಮ್ಮ ಮೈಯಿಂದ ತಂದರು. ನಾವು ಮೂವತ್ತರ ಆಸುಪಾಸಿನವರು ಈ ಸರಣಿಯನ್ನು ಕಂಡದ್ದು ಮರುಪ್ರಸಾರದಲ್ಲಿ. ಆದರೂ ನೆರೆಮನೆಯ ಮರಾಠಿ, ಗುಜರಾತಿ ಮಕ್ಕಳೊಡನೆ ಕುಳಿತು ನೋಡುವಾಗ, ಇಂತಹ ಹೆಂಚಿನ ಮನೆ ನಮ್ಮ ಅಜ್ಜನದೂ ಇದೆ ಎಂದು ಬೀಗಿದ್ದುಂಟು. ಹೊರನಾಡಿನ ಮಗುವಿಗೆ ತನ್ನ ಊರಿನ ವಿಷಯದಲ್ಲಿ ಅಂತಹ ಹೆಮ್ಮೆಯನ್ನು ಕೊಟ್ಟ ವಸ್ತುಗಳು ಎಷ್ಟಿವೆ?

ಇಷ್ಟೆಲ್ಲ ನಡೆದದ್ದು ಎಷ್ಟು ಅವಸರದಲ್ಲಿ ಎಂಬುದು 1990ರಲ್ಲಿ ತಿಳಿಯಿತು. ಆ ವರ್ಷದ ಸೆಪ್ಟೆಂಬರ್ 30ರಂದು ಚಿತ್ರೀಕರಣಕ್ಕೆಂದು ಉತ್ತರ ಕರ್ನಾಟಕದ ಕಡೆ ಹೊರಟಿದ್ದ ಶಂಕರರ ಕಾರು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಶಂಕರರು ತೀರಿಕೊಂಡರು. ಜೊತೆಯಲ್ಲಿದ್ದ ಅರುಂಧತಿಯವರು ತೀವ್ರವಾಗಿ ಗಾಯಗೊಂಡರು. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನ ಉಳಿದಿತ್ತು. ಈ ವಾಕ್ಯವನ್ನು ಬರೆಯುವ ನಮ್ಮ ವಯಸ್ಸೂ ಅದರ ಹತ್ತಿರದ್ದೇ. ಅಷ್ಟರಲ್ಲಿ ಅವರು ಮಾಡಿ ಮುಗಿಸಿದ್ದನ್ನು ನೆನೆದರೆ ನಮ್ಮ ಹಾಜರಿ ಪುಸ್ತಕ ನೋಡಿಕೊಳ್ಳಲು ನಾಚಿಕೆಯಾಗುತ್ತದೆ.

ನಾಡು ಅತ್ತಿತು, ಅಳು ಕ್ರಮೇಣ ನಿಂತಿತು. ಆದರೆ ಅರುಂಧತಿಯವರು ಹಾಸಿಗೆಯಿಂದ ಎದ್ದು ಮತ್ತೆ ರಂಗಭೂಮಿಗೆ ಬಂದರು. ಬೆಂಗಳೂರಿನಲ್ಲಿ ನಾಟಕಕ್ಕೆಂದೇ ಒಂದು ಒಳ್ಳೆಯ ರಂಗಮಂದಿರವಿರಬೇಕೆಂಬುದು ದಂಪತಿಗಳಿಬ್ಬರ ಕನಸಾಗಿತ್ತು. ಅದಕ್ಕಾಗಿ ವರ್ಷಗಟ್ಟಲೆ ಮನೆಮನೆ, ಕಚೇರಿಕಚೇರಿ ಅಲೆದು ಹಣ ಕೂಡಿಸಿ, 2004ರಲ್ಲಿ ಜೆ.ಪಿ. ನಗರದಲ್ಲಿ ‘ರಂಗಶಂಕರ’ವನ್ನು ತೆರೆದರು. ಪತಿ ತೀರಿಹೋದ ಹದಿನಾಲ್ಕು ವರ್ಷಗಳ ತರುವಾಯ! ಅಲ್ಲಿ ಕನ್ನಡ ನಾಟಕ ನಡೆಯುತ್ತದೆ; ಮರಾಠಿ, ಹಿಂದಿ, ಇಂಗ್ಲಿಷ್ ನಾಟಕಗಳೂ ನಡೆಯುತ್ತವೆ. ವೇಳೆಗೆ ಸರಿಯಾಗಿ ತೆರೆ ಏಳುತ್ತದೆ. ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಈ ಶಿಸ್ತಿನ ಬೇರು ಎಲ್ಲಿಯದೆಂದು ಮುಂಬಯಿಯ ನಾಟಕಪ್ರಿಯರಿಗೆ ನಾವು ಹೇಳಬೇಕಾಗಿಲ್ಲ.

ಈಗ ನಾವು ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಕೊಂಕಣಿಯಲ್ಲಿ ತಾಯಿಯೊಡನೆ ಮಾತಾಡಿ, ಮರಾಠಿಯಲ್ಲಿ ವಿದ್ಯೆ ಕಲಿತು, ಹಿಂದಿಯಲ್ಲಿ ದೇಶಕ್ಕೆಲ್ಲ ಪರಿಚಿತರಾದ ಶಂಕರರನ್ನು ಕನ್ನಡಿಗರಲ್ಲವೆನ್ನುವ ಧೈರ್ಯ ಯಾರಿಗಿದೆ? ಅವರು ಕನ್ನಡಕ್ಕಾಗಿ ದುಡಿದರು, ಆದಕಾರಣ ಕನ್ನಡಿಗರು. ಬೇರೆ ಭಾಷೆಗಳು ಅವರ ಕನ್ನಡವನ್ನು ಕಸಿಯಲಿಲ್ಲ, ಅದಕ್ಕೆ ಸರಕು ಒದಗಿಸಿದವು. ಅಂದಮೇಲೆ ನಮ್ಮ ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿತರೆಂದು ನಾವು ಅಂಜಬೇಕಾಗಿಲ್ಲ. ಅಂಜಬೇಕಾದದ್ದು, ಅವರಿಗೆ ಕನ್ನಡದಲ್ಲಿ ಮಾಡುವುದಕ್ಕೆ ನಾವು ಏನನ್ನೂ ಕೊಡದೆ ಹೋದೆವೇ ಎಂದು. ಕನ್ನಡ ಮಾತಾಡು ಎಂದು ಗದರಿಸಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಪಾತ್ರ ಕೊಟ್ಟು ಮಾತು ಕಲಿಸಿದರೆ ಬಾಯಿ ತೆರೆಯುತ್ತದೆ.

ಈ ಕಾರಣದಿಂದ ನಮ್ಮ ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ಬರುವ ವರ್ಷದ ರಾಜ್ಯೋತ್ಸವಕ್ಕೆ ಭಾಷಣಗಳಲ್ಲಿ ಒಂದನ್ನು ಕಡಿಮೆ ಮಾಡಿ, ಆ ವೇಳೆಯನ್ನು ಮಕ್ಕಳ ಕನ್ನಡ ನಾಟಕವೊಂದಕ್ಕೆ ಬಿಟ್ಟುಕೊಡಿ. ಮನೆಮಾತು ಯಾವುದೆಂದು ಕೇಳದೆ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳಿ. ನೆರೆಮನೆಯ ಮರಾಠಿ ಹುಡುಗ ಬರುತ್ತೇನೆಂದರೆ ಅವನಿಗೂ ಒಂದು ಪಾತ್ರವಿರಲಿ. ನವೆಂಬರ್ 9 ಅದಕ್ಕೆ ಒಳ್ಳೆಯ ದಿನ. ತಾಲೀಮಿಗೆ ಮಕ್ಕಳನ್ನು ಕರೆತಂದು ಮರಳಿ ಮನೆ ಮುಟ್ಟಿಸುವ ಜವಾಬ್ದಾರಿಯನ್ನು, ಕಚೇರಿ ಬಿಟ್ಟ ಮೇಲೆ, ನಾವು ವಹಿಸಿಕೊಳ್ಳುತ್ತೇವೆ.